ವರದೆಯ ನೀರೂ ಮನೆಯ ಸೋಸಣಿಗೆಯೂ

ಬನವಾಸಿಯ ಶ್ರೀ ಮಧುಕೇಶ್ವರ ದೇವಾಲಯದ ಪ್ರಾಕಾರದಲ್ಲಿ ಐದು ಹೆಡೆಯ ನಾಗಶಿಲೆಯೊಂದಿರುವದು. ಅದರ ಮೇಲಿನ ಪ್ರಾಕೃತ ಬರಹದಿಂದ, ಚುಟುಕುಲದ ಶಾತಕರ್ಣಿಯ ಆಳಿಕೆಯ ೧೨ನೆಯ ವರ್ಷದಲ್ಲಿ ಅರಸುಮಗಳಾದ ಶಿವಸ್ಕಂದನಾಗಶ್ರೀಯು ಒಂದು ನಾಗವನ್ನೂ, ಒಂದು ತಟಾಕವನ್ನೂ, ಒಂದು ವಿಹಾರವನ್ನೂ ದಾನಮಾಡಿದಳೆಂದೂ, ನಾಗವನ್ನು ಕಡೆದ ಶಿಲ್ಪಿಯ ಹೆಸರು ನಾಟಕನೆಂದೂ ತಿಳಿದುಬರುತ್ತದೆ. ಇದು ಕದಂಬರಿಗಿಂತ ಹಿಂದಿನ ಮಾತು. ಚರಿತ್ರಕಾರರು ಈ ಶಿಲೆಯನ್ನು ಅರಸನ ಹೆಸರಿಗಾಗಿ ಓದಿದರು. ಶಿಲ್ಪಜ್ಞರು ನಾಗನ ಅಂದಕ್ಕಾಗಿ ನೋಡಿದರು. ನಡುವಿನ ತಟಾಕದ ಕಡೆಗೆ ಯಾರ ದೃಷ್ಟಿಯೂ ಹೆಚ್ಚಾಗಿ ಬಿದ್ದಂತೆ ತೋರುವದಿಲ್ಲ. ತಾಳಗುಂದದ ಸ್ತಂಭಶಾಸನದ ಪಾಡೂ ಅದೇ. ಮಯೂರಶರ್ಮನು ಕಂಚಿಯಲ್ಲಿ ಅವಮಾನಗೊಂಡು ಕತ್ತಿಹಿಡಿದ ಕಥೆಗಾಗಿ ಅದನ್ನು ಎಲ್ಲರೂ ಬಲ್ಲರು. ಆದರೆ ಕುಬ್ಜಕವಿಯು ಶಾಂತಿವರ್ಮನ ಕಾಲದಲ್ಲಿ ಆ ಕಾವ್ಯವನ್ನು ಕಲ್ಲಿಗೇರಿಸಿದ್ದು, ಕಾಕುಸ್ಥವರ್ಮನು ಶಿವಾಲಯದ ಬಳಿಯಲ್ಲಿ ಕಟ್ಟಿಸಿದ ಕೆರೆಯ ನೆನಪಿಗಾಗಿ. ರಾಜವಂಶದ ಚರಿತ್ರೆಯೆಲ್ಲ ಆ ಕೆರೆಗೆ ಪೀಠಿಕೆಯೆಂದರೂ ಸಲ್ಲುವದು.

ಈ ಎರಡು ಕಲ್ಲುಗಳಿಂದ ತಿಳಿಯತಕ್ಕ ಸಂಗತಿಯೊಂದುಂಟು. ಕುಡಿಯುವ ನೀರನ್ನು ಒದಗಿಸುವದು ದೊರೆಯ, ಊರಿನ ಅಥವಾ ಪುಣ್ಯಾರ್ಥಿಯಾದ ದಾನಿಯ ಹೊಣೆಯಾಗಿತ್ತು. ಅದನ್ನು ಕೆಡಿಸಿದವನಿಗೆ ಶಿಕ್ಷೆಯೂ ಹೇಳಲ್ಪಟ್ಟಿತ್ತು. ಮುಂದಣ ಕಾಲದ ಕನ್ನಡ ಶಾಸನಗಳ ಕೊನೆಯಲ್ಲಿ, ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವನ್ನು ವಾಚಕರು ಎಷ್ಟೋ ಕಡೆಗೆ ಕಂಡಿರಬಹುದು. ಮನೆಗೆ ಉಳಿದ ಕೆಲಸ ಚಿಕ್ಕದು: ಕೊಡದ ಬಾಯಿಗೆ ಅರಿವೆಯನ್ನು ಹಿಡಿದು, ತಂದ ನೀರನ್ನು ಸೋಸಿಕೊಳ್ಳುವದು. ಊರಿನ ಹೊಣೆಗೂ ಮನೆಯ ಹೊಣೆಗೂ ನಡುವೆ ಇದ್ದ ಈ ಗೆರೆಯು ಇತ್ತೀಚಿನ ನೂರು ವರ್ಷಗಳಲ್ಲಿ ಎಲ್ಲಿಂದೆಲ್ಲಿಗೆ ಸರಿಯಿತೆಂಬದು ವಿಚಾರಮಾಡತಕ್ಕ ವಿಷಯ.

ಸೋಸುವ ಕಲೆಯೇನೂ ಸಾಮಾನ್ಯವಾದುದಲ್ಲ. ಸುಶ್ರುತಸಂಹಿತೆಯಲ್ಲಿ ಕಲುಷಿತವಾದ ನೀರನ್ನು ತಿಳಿಗೊಳಿಸುವ ಏಳು ವಸ್ತುಗಳನ್ನು ಎಣಿಸಿದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಅರಿವೆ, ಮುತ್ತು, ಮಣಿ. ಮುತ್ತು ಮಣಿಗಳು ಅರಮನೆಯ ಮಾತಾಯಿತು. ಅರಿವೆಯೂ ಕತಕವೂ ಬಡವನಿಗೂ ಎಟಕುವಂಥವು. ಕತಕವೆಂದರೆ ಕನ್ನಡಿಗರ ಚಿಲ್ಲದ ಬೀಜ. ಅದನ್ನು ಮಣ್ಣಿನ ಗಡಿಗೆಯ ಒಳಮೈಗೆ ತೇಯ್ದು ನೀರು ತುಂಬಿದರೆ, ಬೀಜದ ಸತ್ವವು ನೀರಿನಲ್ಲಿ ತೇಲುವ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ತಳಕ್ಕೆ ಇಳಿಸುವದು. ಕತಕದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯು ದೃಷ್ಟಾಂತವಾಗಿ ಹೇಳುವದರಿಂದ, ಈ ಉಪಾಯವು ಆ ಕಾಲಕ್ಕೆ ಮನೆಮಾತಾಗಿತ್ತೆಂದು ಊಹಿಸಲಡ್ಡಿಯಿಲ್ಲ. ಜೈನರಲ್ಲಿ ಸೋಸದ ನೀರನ್ನು ಕುಡಿಯುವದೇ ವ್ರತಭಂಗ. ನೀರಿನಲ್ಲಿಯ ಜೀವಿಗಳಿಗೆ ಹಿಂಸೆಯಾಗಬಾರದೆಂಬದು ಅವರ ಕಾರಣ, ಕುಡಿಯುವವನ ಆರೋಗ್ಯವಲ್ಲ. ಕಾರಣ ಯಾವದಿದ್ದರೇನು, ಫಲವು ಒಂದೇ ಆಗಿತ್ತು.

ಆ ಫಲವು ಎಷ್ಟು ದೊಡ್ಡದೆಂಬದು ನಾರುಹುಣ್ಣಿನ ಚರಿತ್ರೆಯಿಂದ ಗೊತ್ತಾಗುವದು. ಬಯಲುಸೀಮೆಯ ಮುದುಕರಿಗೆ ಈ ರೋಗದ ಪರಿಚಯವನ್ನು ಮಾಡಿಕೊಡಬೇಕಾದದ್ದಿಲ್ಲ. ಕಾಲಿನಲ್ಲಿ ಗುಳ್ಳೆಯೆದ್ದು, ಉರಿತಾಳದೆ ರೋಗಿಯು ಮೆಟ್ಟಿಲುಬಾವಿಯ ನೀರಿನಲ್ಲಿ ಕಾಲಿಟ್ಟೊಡನೆ, ದಾರದಂಥ ಹುಳುವು ತಲೆಯನ್ನು ಹೊರಹಾಕಿ ಲಕ್ಷಾವಧಿ ಮರಿಗಳನ್ನು ಬಿಡುವದು. ಅವುಗಳನ್ನು ಜಲಚಿಗಟವೆಂಬ ಅತಿ ಸಣ್ಣ ಪ್ರಾಣಿಯು ನುಂಗುವದು; ಅದನ್ನು ನೀರಿನೊಡನೆ ಕುಡಿದವನ ಕಾಲಿನಲ್ಲಿ ಒಂದು ವರ್ಷದ ಮೇಲೆ ಮತ್ತೊಂದು ಹುಳು. ಮೂರಡಿಯವರೆಗೆ ಬೆಳೆಯುವ ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕೆ ಬೆರಳಷ್ಟು ಹೊರಗೆಳೆಯುವದೊಂದೇ ಚಿಕಿತ್ಸೆ. ಜಲಚಿಗಟದ ಪಾತ್ರವನ್ನು ರಶಿಯದ ಫೆಡ್ಚೆಂಕೋ ಎಂಬ ವಿದ್ವಾಂಸನು ೧೮೭೦ರ ಸುಮಾರಿಗೆ ತುರ್ಕಸ್ಥಾನದಲ್ಲಿ ಕಂಡುಹಿಡಿದನು. ಅಲ್ಲಿಂದ ಮುಂದೆ ಉಪಾಯವು ಸರಳವಾಯಿತು. ಜಲಚಿಗಟವು ಬರಿಯ ಕಣ್ಣಿಗೆ ಚುಕ್ಕೆಯಂತೆ ಕಾಣುವಷ್ಟು ದೊಡ್ಡದು. ಮಡಿಸಿದ ಅರಿವೆಯನ್ನು ಅದು ದಾಟಲಾರದು. ೧೯೮೩-೮೪ರಲ್ಲಿ ಭಾರತ ಸರಕಾರವು ನಾರುಹುಣ್ಣಿನ ನಿರ್ಮೂಲನಕ್ಕೆ ಕೈಹಾಕಿದಾಗ ಕರ್ನಾಟಕವು ರೋಗಪೀಡಿತವಾದ ಏಳು ರಾಜ್ಯಗಳಲ್ಲಿ ಒಂದಾಗಿತ್ತು. ಸೋಸುವ ಬಟ್ಟೆಯನ್ನು ಹಂಚಿದರು. ಬಾವಿಗಳಿಗೆ ಜಲಚಿಗಟವನ್ನು ಕೊಲ್ಲುವ ಟೆಮೆಫಾಸನ್ನು ಹಾಕಿದರು. ಮೆಟ್ಟಿಲುಬಾವಿಗಳಿಗೆ ಕಟ್ಟೆ ಕಟ್ಟಿದರು, ಇಲ್ಲವೆ ಮುಚ್ಚಿಸಿದರು. ೧೯೯೬ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿಯು ಕಂಡುಬಂದನು. ೨೦೦೦ದಲ್ಲಿ ದೇಶವು ಈ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಲಸಿಕೆಯಿಲ್ಲದೆ, ಔಷಧವಿಲ್ಲದೆ, ಬಹುಮಟ್ಟಿಗೆ ಅರಿವೆಯ ತುಂಡಿನಿಂದ ಒಂದು ರೋಗವನ್ನು ದೇಶದಿಂದ ಅಟ್ಟಿದ ಉದಾಹರಣೆಯು ವೈದ್ಯಕದ ಚರಿತ್ರೆಯಲ್ಲಿ ವಿರಳವೇ ಸರಿ.

ಆದರೆ ಅರಿವೆಯ ಜೊತೆಗೆ ಇನ್ನೊಂದು ಉಪಾಯವೂ ನಡೆದಿತ್ತು. ಮೆಟ್ಟಿಲುಬಾವಿಯ ಬದಲಿಗೆ ಕೊಳವೆಬಾವಿ. ೧೯೬೬-೬೭ರ ಬರಗಾಲದ ತರುವಾಯ ಯುನಿಸೆಫ್ ಸಂಸ್ಥೆಯು ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಸೊಲ್ಲಾಪುರದ ಕಡೆಯಲ್ಲಿ ಬಳಕೆಗೆ ಬಂದ ಕೈಪಂಪಿನ ಮಾದರಿಯನ್ನೇ ತಿದ್ದಿ, ೧೯೭೦ರ ದಶಕದಲ್ಲಿ ‘ಇಂಡಿಯಾ ಮಾರ್ಕ್ ಎರಡು’ ಎಂಬ ಪಂಪು ಸಿದ್ಧವಾಯಿತು. ಹಳ್ಳಿಹಳ್ಳಿಗೂ ಅದು ಬಂದಿತು. ಕೊಳವೆಬಾವಿಯ ನೀರಿನಲ್ಲಿ ಹುಳುವಿಲ್ಲ, ಹುಪ್ಪಟವಿಲ್ಲ, ಕೆಸರಿಲ್ಲ. ಕಣ್ಣಿಗೆ ಅದು ಸ್ಫಟಿಕದಂತೆ. ಈ ನೀರನ್ನು ಸೋಸಬೇಕಾದದ್ದೇ ಇಲ್ಲವೆಂದು ಅಧಿಕಾರಿಗಳು ಹೇಳಿದರು. ಹುಳುವಿನ ಮಟ್ಟಿಗೆ ಆ ಮಾತು ಸತ್ಯವಾಗಿತ್ತು.

ಇಲ್ಲಿ ವರದೆಯ ಹರಿವಿನ ಗುಂಟ ಸ್ವಲ್ಪ ಕೆಳಗೆ ಹೋಗಬೇಕು. ಇಕ್ಕೇರಿಯ ಹತ್ತಿರ ವರದಾಮೂಲದಲ್ಲಿ ಹುಟ್ಟಿದ ಈ ನದಿಯು ಬನವಾಸಿಯನ್ನು ಮೂರು ಕಡೆಯಿಂದ ಬಳಸಿಕೊಂಡು, ಈಶಾನ್ಯಕ್ಕೆ ತಿರುಗಿ, ಹಾವೇರಿಯ ಸೀಮೆಯನ್ನು ದಾಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವದು. (ಕಾದಂಬರಿಕಾರ ಗಳಗನಾಥರಿಗೆ ಹೆಸರು ಕೊಟ್ಟ ಸಂಗಮವೇ ಅದು.) ಅಲ್ಲಿಂದ ಮುಂದೆ ಎಡದಂಡೆಯಲ್ಲಿ ಮುಂಡರಗಿಯ ತಾಲೂಕು. ನದಿಯೊಂದೇ ಆದರೂ ನೆಲವು ಬೇರೆ. ಸಿರಸಿ-ಸಿದ್ದಾಪುರಗಳ ಕಡೆಯಲ್ಲಿ ಹೇರಳವಾದ ಮಳೆಯು ಜಂಬಿಟ್ಟಿಗೆಯ ಮಣ್ಣನ್ನು ಸಾವಿರಾರು ವರ್ಷ ತೊಳೆದು, ಕರಗತಕ್ಕದ್ದನ್ನೆಲ್ಲ ಎಂದೋ ಸಮುದ್ರಕ್ಕೆ ಸಾಗಿಸಿಬಿಟ್ಟಿದೆ. ಅಲ್ಲಿಯ ಬಾವಿಯ ನೀರಿನಲ್ಲಿ ಲವಣಾಂಶವು ಅತ್ಯಲ್ಪ. ಮುಂಡರಗಿಯ ಕಡೆಗೆ ಮಳೆ ಕಡಿಮೆ, ಕೆಳಗೆ ಗಟ್ಟಿ ಶಿಲೆ. ಶಿಲೆಯ ಬಿರುಕುಗಳಲ್ಲಿ ನೀರು ಬಹುಕಾಲ ನಿಂತು ಅದರ ಖನಿಜಗಳನ್ನು ತನ್ನಲ್ಲಿ ಕರಗಿಸಿಕೊಳ್ಳುವದು. ಆ ಖನಿಜಗಳಲ್ಲಿ ಫ್ಲೋರೈಡೂ ಒಂದು. ಸುಣ್ಣದ ಅಂಶ ಕಡಿಮೆಯಾಗಿ ಸೋಡದ ಅಂಶ ಹೆಚ್ಚಾದ ನೀರಿನಲ್ಲಿ ಅದು ಇನ್ನೂ ಸುಲಭವಾಗಿ ಕರಗುವದು. ಬಾವಿಯು ಆಳವಾದಷ್ಟೂ, ಬರಗಾಲದಲ್ಲಿ ಹೆಚ್ಚು ಸೇದಿದಷ್ಟೂ, ಹೀಗೆ ಬಹುಕಾಲ ನಿಂತ ನೀರು ಮೇಲೆ ಬರುವದು.

ಫ್ಲೋರೈಡಿನ ಕಥೆ ಕೊಳವೆಬಾವಿಗಿಂತ ಹಳೆಯದು. ೧೯೩೭ರಲ್ಲಿ ಶಾರ್ಟ್ ಮತ್ತು ಅವರ ಜೊತೆಗಾರರು ಆಗಿನ ಮದ್ರಾಸ ಇಲಾಖೆಯ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನೆಲುಬು ಕೋಲಿನಂತೆ ಸೆಟೆದುಕೊಂಡ ರೈತರನ್ನು ಪರೀಕ್ಷಿಸಿ, ಅದಕ್ಕೆ ಕುಡಿಯುವ ನೀರಿನಲ್ಲಿಯ ಫ್ಲೋರೈಡೇ ಕಾರಣವೆಂದು ತೋರಿಸಿದರು. ಒಂದು ಲೀಟರಿಗೆ ಒಂದು ಮಿಲಿಗ್ರಾಮಿನಷ್ಟು ಇದ್ದರೆ ಬಾಧೆಯಿಲ್ಲ, ಹಲ್ಲಿಗೆ ಹಿತವೇ. ಒಂದೂವರೆಯನ್ನು ಮೀರಬಾರದೆಂದು ಭಾರತೀಯ ಮಾನಕವೂ ವಿಶ್ವ ಆರೋಗ್ಯ ಸಂಸ್ಥೆಯೂ ಗೊತ್ತುಪಡಿಸಿವೆ. ಅದಕ್ಕೂ ಹೆಚ್ಚಾದರೆ ಮೊದಲು ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿಯ ಮಚ್ಚೆ, ಆಮೇಲೆ ಕಂದುಬಣ್ಣದ ಗೆರೆ. ಬಹು ವರ್ಷಗಳ ಮೇಲೆ ಕೀಲುಗಳ ನೋವು, ಸ್ನಾಯುಗಳು ಎಲುಬಾಗುವದು, ಬಾಗಿದ ಬೆನ್ನು. ಒಮ್ಮೆ ಎಲುಬಿಗೆ ಕೂತ ಮೇಲೆ ಅದನ್ನು ಬಿಡಿಸುವ ಔಷಧವಿಲ್ಲ. ಮುಂಡರಗಿಯಲ್ಲಿಯೂ, ಕೊಪ್ಪಳ, ರಾಯಚೂರು, ಚಿತ್ರದುರ್ಗಗಳ ಅನೇಕ ಊರುಗಳಲ್ಲಿಯೂ, ಪಾವಗಡದಲ್ಲಿಯೂ, ಕೋಲಾರ-ಚಿಕ್ಕಬಳ್ಳಾಪುರಗಳಲ್ಲಿಯೂ ಇದು ಪರಿಚಿತವಾದ ರೋಗವಾಯಿತು. ನಾರುಹುಣ್ಣಿನಿಂದ ಪಾರಾಗುವದಕ್ಕೆಂದು ಯಾವ ನೀರನ್ನು ಕುಡಿದರೋ ಅದೇ ನೀರು ಎಷ್ಟೋ ಊರುಗಳಲ್ಲಿ ಎಲುಬಿಗೆ ಮುಳುವಾಯಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಬಾವಿಯನ್ನು ಕೊರೆದವರು ಉಪಕಾರಕ್ಕೆಂದೇ ಕೊರೆದರು. ಆದರೆ ಕೊರೆದ ನೀರನ್ನು ಮೊದಲು ಪರೀಕ್ಷಿಸದೆ ಪಂಪನ್ನು ಕೂರಿಸಿದ ಆತುರವನ್ನು ಉಪಕಾರವೆನ್ನಲಾಗದು.

ಫ್ಲೋರೈಡಿನ ಮುಂದೆ ಅರಿವೆಯು ನಿರರ್ಥಕ. ಉಪ್ಪನ್ನು ಕರಗಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಸಪ್ಪಗೆ ಮಾಡಬಹುದೆ? ಕುದಿಸಿದರೆ ಇನ್ನೂ ಕೆಡುಕು, ಏಕೆಂದರೆ ನೀರು ಆವಿಯಾಗಿ ಹೋಗುವದು, ಫ್ಲೋರೈಡು ಉಳಿಯುವದು. ತಾಯಂದಿರು ಮಕ್ಕಳಿಗೆಂದು ಚೆನ್ನಾಗಿ ಕಾಯಿಸಿ ಆರಿಸಿದ ನೀರು, ಕಾಯಿಸದ ನೀರಿಗಿಂತ ಹೆಚ್ಚು ತೀಕ್ಷ್ಣವಾಗಿರುವದು. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ ಸಂಶೋಧನ ಸಂಸ್ಥೆಯವರು ಇದಕ್ಕೆ ಒಂದು ಮನೆಮದ್ದನ್ನು ಕಂಡುಹಿಡಿದರು. ಆಗ ಆಂಧ್ರದಲ್ಲಿದ್ದ ಜಿಲ್ಲೆಯ ಹೆಸರಿನಿಂದ ಅದಕ್ಕೆ ನಲಗೊಂಡ ಪದ್ಧತಿಯೆನ್ನುವರು. ಬಕೆಟ್ಟಿನ ನೀರಿಗೆ ಸುಣ್ಣವನ್ನೂ ಪಟಿಕವನ್ನೂ ಚಿಟಿಕೆಯಷ್ಟು ಬಿಳುಪಿನ ಪುಡಿಯನ್ನೂ ಹಾಕಿ, ಮೊದಲು ಬಿರುಸಾಗಿ, ಆಮೇಲೆ ಮೆಲ್ಲನೆ ಕಲಕಿ, ಒಂದು ತಾಸು ಬಿಟ್ಟರೆ, ಪಟಿಕದಿಂದ ಹುಟ್ಟಿದ ಹಿಂಜಿದ ಹತ್ತಿಯಂಥ ಗಷ್ಟು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕಿಳಿಯುವದು. ಗಡಿಗೆಯಲ್ಲಿ ಚಿಲ್ಲದ ಬೀಜವನ್ನು ತೇಯುವ ಪದ್ಧತಿಗೆ ಇದು ದಾಯಾದಿಯೆಂದರೂ ನಡೆಯುವದು. ಎರಡನೆಯ ಉಪಾಯವು ಆಲ್ಯೂಮಿನದ ಹರಳುಗಳನ್ನು ತುಂಬಿದ ಸೋಸಣಿಗೆ. ನೀರು ಹರಳುಗಳ ನಡುವೆ ತೊಟ್ಟಿಕ್ಕಿ ಬರುವಾಗ ಫ್ಲೋರೈಡು ಅವುಗಳ ಮೈಗೆ ಅಂಟಿಕೊಳ್ಳುವದು.

ಎರಡೂ ಉಪಾಯಗಳು ಪ್ರಯೋಗಶಾಲೆಯಲ್ಲಿ ಚೆನ್ನಾಗಿಯೇ ನಡೆದವು. ಅಡಿಗೆಮನೆಯಲ್ಲಿ ಅಷ್ಟಾಗಿ ನಿಲ್ಲಲಿಲ್ಲ. ಇದರ ಕಾರಣವನ್ನು ಹೆಂಗಸರ ಅಜ್ಞಾನವೆಂದೋ ಆಲಸ್ಯವೆಂದೋ ಬರೆದವರುಂಟು. ಅದು ಅನ್ಯಾಯದ ಮಾತು. ಪಟಿಕವನ್ನು ಎಷ್ಟು ಹಾಕಬೇಕೆಂಬದು ಆ ಬಾವಿಯ ನೀರಿನಲ್ಲಿ ಫ್ಲೋರೈಡು ಎಷ್ಟಿದೆ, ಕ್ಷಾರವೆಷ್ಟಿದೆಯೆಂಬದರ ಮೇಲೆ ನಿಂತಿದೆ. ಕಡಿಮೆಯಾದರೆ ಫಲವಿಲ್ಲ, ಹೆಚ್ಚಾದರೆ ನೀರು ಹುಳಿಯಾಗಿ ಅಲ್ಯೂಮಿನಿಯಮ್ಮು ನೀರಿನಲ್ಲಿ ಉಳಿಯುವದು. ಆಲ್ಯೂಮಿನದ ಹರಳುಗಳು ಕೆಲವು ತಿಂಗಳುಗಳಲ್ಲಿ ತುಂಬಿಹೋಗುವವು. ಆಗ ಅವುಗಳನ್ನು ಕ್ಷಾರದಿಂದಲೂ ಆಮ್ಲದಿಂದಲೂ ತೊಳೆಯಬೇಕು. ತುಂಬಿಹೋದದ್ದು ತಿಳಿಯುವದು ಹೇಗೆ? ಅರಿವೆಯು ಹರಿದರೆ ಕಣ್ಣಿಗೆ ಕಾಣುವದು, ಕೊಡದಲ್ಲಿ ಕಸ ಬೀಳುವದು. ದಣಿದ ಹರಳಿನಿಂದ ಇಳಿದ ನೀರು ಮೊದಲಿನಷ್ಟೇ ತಿಳಿ, ಮೊದಲಿನಷ್ಟೇ ರುಚಿ. ಹಳೆಯ ಕಾಲದ ಗೃಹಿಣಿಯು ತನ್ನ ಸೋಸಣಿಗೆಯ ಪರೀಕ್ಷೆಯನ್ನು ತಾನೇ ಮಾಡುತ್ತಿದ್ದಳು. ಈಗ ಪರೀಕ್ಷೆಯು ಜಿಲ್ಲಾ ಪ್ರಯೋಗಶಾಲೆಯ ಕೈಯಲ್ಲಿ, ಸೋಸುವ ಕಷ್ಟವು ಮಾತ್ರ ಅವಳ ಕೈಯಲ್ಲಿ. ಇದೇ ಕಾಲಭೇದದ ತಿರುಳು.

ಇದೆಲ್ಲ ಬಯಲಿನವರ ಪಾಡು, ಮಲೆಯ ನೀರಿಗೆ ಈ ಬಾಧೆಯಿಲ್ಲವೆಂದು ಸಿರಸಿ-ಯಲ್ಲಾಪುರಗಳ ವಾಚಕರು ಎಣಿಸಬಹುದು. ಕಲ್ಲಿನಿಂದ ಬರುವ ಬಾಧೆಯಿಲ್ಲವೆಂಬದು ನಿಜ. ಮನುಷ್ಯನ ಕೈಯಿಂದ ಬರುವದು ಇಲ್ಲಿಯೂ ಉಂಟು. ಅದರಲ್ಲಿ ಹಳೆಯದು ಮೈಲುತುತ್ತ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ನರು ೧೯೧೦ರ ಸುಮಾರಿನಲ್ಲಿ ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಘಟ್ಟದ ಮೇಲಿನ ತೋಟಿಗರೂ ಅದನ್ನು ಕಲಿತರು, ತೋಟಗಳು ಉಳಿದವು. ತಾಮ್ರವು ಕೊಳೆಯುವ ವಸ್ತುವಲ್ಲವಾದ್ದರಿಂದ ವರ್ಷವರ್ಷವೂ ಮಣ್ಣಿನಲ್ಲಿ ಸೇರುತ್ತ ಬಂದಿದೆ. ಆದರೂ ಸೊಪ್ಪುಗೊಬ್ಬರದ ಕರಿಮಣ್ಣು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವದರಿಂದ, ತೋಟದ ಅಂಚಿನ ಬಾವಿಗೆ ಇಳಿಯುವದು ಅಲ್ಪ. ಅದರ ಪೆಟ್ಟು ಹೆಚ್ಚಾಗಿ ಎರೆಹುಳಕ್ಕೆ, ಕುಡಿಯುವವನಿಗಲ್ಲ.

ಎರಡನೆಯದು ಡಿ.ಡಿ.ಟಿ. ಚಳಿಜ್ವರವು ಈ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲಿ ಊರುಗಳನ್ನೇ ಹಾಳುಗೆಡವಿದ್ದ ಸಂಗತಿಯು ತಲೆಮಾರುಗಳ ನೆನಪಿನಲ್ಲಿದೆ. ೧೯೪೬ರಲ್ಲಿ ಮುಂಬಯಿ ಸರಕಾರದ ಮಲೇರಿಯಾ ಅಧಿಕಾರಿ ಡಾ. ಡಿ. ಕೆ. ವಿಶ್ವನಾಥನ್ ಅವರು ಕಾನಡಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಹೊಡೆಯಿಸಿದರು, ಭಾರತದಲ್ಲಿ ಹಳ್ಳಿಗಾಡಿನ ಮೇಲೆ ಇಂಥ ದೊಡ್ಡ ಪ್ರಯೋಗಗಳಲ್ಲಿ ಇದು ಮೊದಮೊದಲಿನದು. ಜ್ವರವು ಇಳಿಯಿತು, ಬೀಳುಬಿದ್ದ ಗದ್ದೆಗಳಿಗೆ ಮತ್ತೆ ಜನ ಬಂದರು. ಆ ಉಪಕಾರವನ್ನು ಮರೆತು ಡಿ.ಡಿ.ಟಿ.ಯನ್ನು ಬಯ್ಯುವದು ಕೃತಘ್ನತೆಯೇ ಆದೀತು. ಆದರೆ ಅದರ ಗುಣವೇ ಅದರ ದೋಷ: ಗೋಡೆಯ ಮೇಲೆ ತಿಂಗಳುಗಟ್ಟಲೆ ಸಾಯದೆ ನಿಲ್ಲುವ ಶಕ್ತಿ. ಮಣ್ಣಿಗೆ ಬಿದ್ದದ್ದು ವರ್ಷಗಟ್ಟಲೆ ನಿಲ್ಲುವದು. ನೀರಿನಲ್ಲಿ ಅದು ಕರಗುವದು ಬಹು ಸ್ವಲ್ಪ. ಕೆಸರಿಗೂ ಮೀನಿನ ಕೊಬ್ಬಿಗೂ ಹಾಲಿಗೂ ಅದು ಸೇರುವದು. ೧೯೬೨ರಲ್ಲಿ ಅಮೇರಿಕೆಯ ರೇಚಲ್ ಕಾರ್ಸನ್ ಬಾಯಿಯವರ ಪುಸ್ತಕವು ಇದನ್ನು ಲೋಕಕ್ಕೆಲ್ಲ ತಿಳಿಸಿತು. ಭಾರತದ ಹೊಲಗಳಲ್ಲಿ ಅದರ ಬಳಕೆಯು ೧೯೮೯ರವರೆಗೆ ನಿಷೇಧಿಸಲ್ಪಡಲಿಲ್ಲ.

ಮೂರನೆಯದಾದ ಎಂಡೋಸಲ್ಫಾನಿನ ವೃತ್ತಾಂತವನ್ನು ಕೊಂಚ ವಿಸ್ತರಿಸಲೇಬೇಕು. ಕಾಸರಗೋಡಿನ ಕನ್ನಡ ಸೀಮೆಯಲ್ಲಿ, ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮವು ಗುಡ್ಡಗಳ ನಡುವಿನ ಅಡಿಕೆಯ ತೋಟಗಳ ಊರು. ಸಿದ್ದಾಪುರದವನು ಅಲ್ಲಿಗೆ ಹೋದರೆ ತನ್ನ ಊರಿನಲ್ಲಿಯೇ ಇದ್ದಂತೆ ಭಾವಿಸಿಯಾನು. ಒಂದು ಮಾತು ಮಾತ್ರ ಹೊಸದು. ಅಲ್ಲಿ ಕುಡಿಯುವ ನೀರು ಬಹುಮಟ್ಟಿಗೆ ಸುರಂಗದ್ದು. ಜಂಬಿಟ್ಟಿಗೆಯ ಗುಡ್ಡದ ಮೈಗೆ ಅಡ್ಡಲಾಗಿ, ಬಾಗಿದ ಮನುಷ್ಯನೊಬ್ಬನು ನುಸುಳುವಷ್ಟು ಬಿಲವನ್ನು ಹಾರೆ-ಪಿಕಾಸಿಗಳಿಂದ ತೋಡುತ್ತ ಹೋಗುವರು. ಒರತೆಯು ಸಿಕ್ಕ ಮೇಲೆ ನೀರು ಯಂತ್ರವಿಲ್ಲದೆ ತಾನೇ ಹೊರಕ್ಕೆ ಹರಿದು ಅಂಗಳದ ತೊಟ್ಟಿಗೆ ಬೀಳುವದು. ಗುಡ್ಡವೇ ಆ ಮನೆಗಳ ಸೋಸಣಿಗೆ. ಮಳೆಯು ಮೇಲಿನ ಕಲ್ಲುಮಣ್ಣಿನಲ್ಲಿ ಇಂಗಿ, ಹನಿಹನಿಯಾಗಿ ಶೋಧಿಸಲ್ಪಟ್ಟು ಬರುವ ನೀರಿಗೆ ಬೇರೆ ಅರಿವೆಯೂ ಬೇಡವೆಂಬ ನಂಬಿಕೆ ತಲೆತಲಾಂತರದಿಂದ ನಡೆದುಬಂದಿತ್ತು.

ಆ ಗುಡ್ಡಗಳ ತಲೆಯ ಮೇಲೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು. ಗೇರಿನ ಚಿಗುರನ್ನು ಹೀರುವ ಚಹಾ ಸೊಳ್ಳೆಯನ್ನು ಕೊಲ್ಲುವದಕ್ಕೆಂದು ೧೯೭೦ರ ದಶಕದ ಕೊನೆಯ ಭಾಗದಿಂದ ೨೦೦೦ದವರೆಗೆ ಪ್ರತಿ ವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿದರು. ಸಿಂಪಡಿಸುವ ಮುಂಚೆ ಬಾವಿಗಳನ್ನು ಮುಚ್ಚಬೇಕೆಂಬದು ನಿಯಮವಾಗಿತ್ತು. ಬಾವಿಯನ್ನು ಮುಚ್ಚಬಹುದು, ತೋಡಿಗೆ, ತೊಟ್ಟಿಗೆ, ಗುಡ್ಡಕ್ಕೆ ಯಾವ ಮುಚ್ಚಳ? ಕರುಗಳು ಅಂಗಹೀನವಾಗಿ ಹುಟ್ಟುತ್ತಿರುವದನ್ನು ಊರಿನವರೇ ಆದ ಪತ್ರಿಕಾಕರ್ತ ಶ್ರೀ ಪಡ್ರೆಯವರು ೧೯೮೦ರ ಹೊತ್ತಿಗೇ ಗುರುತಿಸಿ ಬರೆದರು. ಅದೇ ಊರಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಜನ್ಮವೈಕಲ್ಯಗಳು ಇಷ್ಟೇಕೆಂದು ವಿಸ್ಮಯಪಟ್ಟು ಮನೆಮನೆಯ ಲೆಕ್ಕವನ್ನು ಬರೆಯತೊಡಗಿದರು. ಮೊದಲಿಗೆ ಅವರ ಸಂಶಯವು ನೀರಿನ ಮೇಲೆಯೇ ಇತ್ತು, ಆದರೆ ಆಕಾಶದ ಮೇಲೆ ಇರಲಿಲ್ಲ. ೧೯೯೮ರಲ್ಲಿ ಕೃಷಿ ಅಧಿಕಾರಿಣಿ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯಕ್ಕೆ ಹೋದರು. ೨೦೦೧ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ರಕ್ತಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಎಂಡೋಸಲ್ಫಾನ್ ಇದೆಯೆಂದು ಪ್ರಕಟಿಸಿತು. ತಯಾರಕರು ಅದನ್ನು ಒಪ್ಪಲಿಲ್ಲ. ಸಮಿತಿಗಳ ಮೇಲೆ ಸಮಿತಿಗಳು ಕೂತವು. ೨೦೧೧ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ಚಿರಸ್ಥಾಯಿ ವಿಷಗಳ ಪಟ್ಟಿಗೆ ಸೇರಿಸಿದವು. ಮೇ ೧೩ರಂದು ಭಾರತದ ಸುಪ್ರೀಂ ಕೋರ್ಟು ಅದರ ತಯಾರಿಕೆ-ಮಾರಾಟಗಳನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಅದೇ ನ್ಯಾಯಾಲಯವು ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಕರ್ನಾಟಕದಲ್ಲಿಯೂ ಸರಕಾರದ ಗೇರುತೋಟಗಳ ಸುತ್ತಣ ಬಾಧಿತರನ್ನು ಎಣಿಸಿ ಮಾಸಾಶನವನ್ನು ಗೊತ್ತುಮಾಡಬೇಕಾಯಿತು. ಹಾಗೆ ಎಣಿಸಿದ ಜಿಲ್ಲೆಗಳು ಮೂರು: ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ.

ಪಡ್ರೆಯವರು ನೀರನ್ನು ಯಾರಿಂದಲೂ ಬೇಡಿರಲಿಲ್ಲ. ತಮ್ಮ ಸುರಂಗವನ್ನು ತಾವೇ ತೋಡಿಕೊಂಡಿದ್ದರು. ಹಳೆಯ ಶಾಸನಗಳ ಶಾಪವು ಇನ್ನೊಬ್ಬನ ಧರ್ಮದ ಕೆರೆಯನ್ನು ಕೆಡಿಸುವ ದುಷ್ಟನನ್ನು ಕುರಿತದ್ದು. ಸರಕಾರವೇ ಸದುದ್ದೇಶದಿಂದ ಕೆಡಿಸುವ ಪ್ರಸಂಗವನ್ನು ಆ ಬರಹಗಾರರು ಊಹಿಸಿರಲಿಲ್ಲ.

ಈಚೆಗೆ ಇನ್ನೊಂದು ವರ್ಗದ ದ್ರವ್ಯಗಳ ಮಾತು ಪಶ್ಚಿಮ ದೇಶಗಳಿಂದ ಕೇಳಿಬರುತ್ತಿದೆ. ೧೯೩೮ರಲ್ಲಿ ಅಮೇರಿಕೆಯ ರಾಯ್ ಪ್ಲಂಕೆಟ್ ಎಂಬವರಿಗೆ ಆಕಸ್ಮಿಕವಾಗಿ ದೊರೆತ ಟೆಫ್ಲಾನು, ಅಂಟದ ಬಾಣಲೆಯ ರೂಪದಲ್ಲಿ ಈಗ ಎಲ್ಲರ ಮನೆಯಲ್ಲಿಯೂ ಇದೆ. ಅದನ್ನೂ ಅದರ ಬಂಧುಗಳನ್ನೂ ತಯಾರಿಸುವಾಗ, ನೀರು ಹತ್ತದ ಬಟ್ಟೆಯಲ್ಲಿ, ಬೆಂಕಿಯನ್ನು ನಂದಿಸುವ ನೊರೆಯಲ್ಲಿ ಬಳಸಿದ ಫ್ಲೋರಿನ್-ಇಂಗಾಲಗಳ ಸಂಯುಕ್ತಗಳು ನಿಸರ್ಗದಲ್ಲಿ ಅಳಿಯುವ ದಾರಿಯೇ ಇಲ್ಲದಂತಿವೆ. ಅವುಗಳಿಗೆ ‘ಶಾಶ್ವತ ರಸಾಯನ’ಗಳೆಂದೇ ಹೆಸರ ಬಿದ್ದಿದೆ. ಶಿಲೆಯಿಂದ ಕರಗಿ ಬರುವ ಫ್ಲೋರೈಡಿಗೆ ಒಂದು ಲೀಟರಿನಲ್ಲಿ ಒಂದೂವರೆ ಮಿಲಿಗ್ರಾಮಿನ ಮಿತಿಯಾದರೆ, ಈ ವರ್ಗದ ಎರಡು ಮುಖ್ಯ ದ್ರವ್ಯಗಳಿಗೆ ೨೦೨೪ರಲ್ಲಿ ಅಮೇರಿಕೆಯ ಪರಿಸರ ಇಲಾಖೆಯು ಇಟ್ಟ ಮಿತಿಯು ಲಕ್ಷ ಕೋಟಿ ಪಾಲಿನಲ್ಲಿ ನಾಲ್ಕು ಪಾಲು. ಇದ್ದಿಲಿನ ಸೋಸಣಿಗೆಯೂ ಸೂಕ್ಷ್ಮಪೊರೆಯ ಯಂತ್ರವೂ ಇವನ್ನು ಬಹುಮಟ್ಟಿಗೆ ತಡೆಯಬಲ್ಲವು. ಕುದಿಸುವದರಿಂದ ಇವು ಅಳಿಯುವದಿಲ್ಲ.

ಆ ಸೂಕ್ಷ್ಮಪೊರೆಯ ಯಂತ್ರವೇ ಈಗ ಎಲ್ಲ ನೀರಿನ ಬಾಧೆಗೂ ದಿವ್ಯೌಷಧವೆನಿಸಿದೆ. ೧೯೬೦ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಎಂಬವರು ಸಮುದ್ರದ ನೀರನ್ನು ಸಿಹಿಮಾಡುವದಕ್ಕೆಂದು ರೂಪಿಸಿದ ಪೊರೆಯದು. ನೀರನ್ನು ಒತ್ತಡದಿಂದ ಅದರೊಳಗೆ ನುಗ್ಗಿಸಿದರೆ ಶುದ್ಧವಾದದ್ದು ಆಚೆಗೆ ಹೋಗುವದು, ಲವಣವೂ ಫ್ಲೋರೈಡೂ ಈಚೆಗೆ ಉಳಿಯುವವು. ಪೇಟೆಯ ಮನೆಗಳಲ್ಲಿ ಇದು ‘ಆರ್.ಓ.’ ಎಂದು ಗೋಡೆಗೆ ತೂಗಿತು. ಸಿರಸಿಯ ಪೇಟೆಗೂ ಬಂದಿತು; ಅಲ್ಲಿಯ ನೀರಿನಲ್ಲಿ ತೆಗೆಯತಕ್ಕ ಲವಣವೇ ಇಲ್ಲದಿರುವಾಗ ಇದು ನೆಂಟಸ್ತಿಕೆಯ ಪ್ರದರ್ಶನಕ್ಕೆ ಹೆಚ್ಚಾಗಿ ಉಪಯೋಗವಾಗುವದು. ಒಂದು ಲೀಟರಿನಲ್ಲಿ ೫೦೦ ಮಿಲಿಗ್ರಾಮಿಗಿಂತ ಕಡಿಮೆ ಲವಣವಿರುವ ಕಡೆಗೆ ಈ ಯಂತ್ರವನ್ನು ನಿಷೇಧಿಸಬೇಕೆಂದು ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹೇಳಿತು. ತಯಾರಕರು ಸುಪ್ರೀಂ ಕೋರ್ಟಿಗೆ ಹೋದರು.

ಫ್ಲೋರೈಡಿನ ಸೀಮೆಯಲ್ಲಿ ಮಾತ್ರ ಅದು ವಿಲಾಸವಲ್ಲ. ಮಕ್ಕಳ ಹಲ್ಲುಗಳನ್ನು ನೋಡಿದವರು ಅಲ್ಲಿ ಈ ಯಂತ್ರವನ್ನು ಹಳಿಯಲಾರರು. ಮನೆಗೊಂದರಂತೆ ಕೊಳ್ಳುವದು ಬಡವರಿಗೆ ಸಾಧ್ಯವಿಲ್ಲವಾದ್ದರಿಂದ ಕರ್ನಾಟಕ ಸರಕಾರವು ಹಳ್ಳಿಗಳಲ್ಲಿ ಇಂಥ ಶುದ್ಧ ನೀರಿನ ಘಟಕಗಳನ್ನು ಸಾವಿರಗಟ್ಟಲೆಯಾಗಿ ಕಟ್ಟಿಸಿತು. ನಾಣ್ಯವನ್ನು ಹಾಕಿ ಕೊಡವನ್ನು ತುಂಬಿಕೊಳ್ಳುವ ಈ ಘಟಕಗಳು ಒಂದು ರೀತಿಯಿಂದ ಊರಿನ ಹೊಣೆಯನ್ನು ಊರಿಗೇ ಮರಳಿಸಿದವು. ಆದರೆ ಪೊರೆಯು ಹರಿದಾಗ, ಪಂಪು ಕೆಟ್ಟಾಗ, ರಿಪೇರಿಯ ಗುತ್ತಿಗೆಯು ಮುಗಿದಾಗ ಅನೇಕ ಘಟಕಗಳು ಬಾಗಿಲು ಹಾಕಿದವು. ಇದಕ್ಕಿಂತ ಗಟ್ಟಿಯಾದ ಉಪಾಯವು ನದಿಯ ನೀರನ್ನು ಕೊಳವೆಯಲ್ಲಿ ತರುವದು. ಅನೇಕ ಗ್ರಾಮಗಳಿಗೆ ಒಟ್ಟಾಗಿ ತುಂಗಭದ್ರೆಯ ನೀರನ್ನು ಕೊಡುವ ಯೋಜನೆಗಳು ಗದಗ ಜಿಲ್ಲೆಯಲ್ಲಿಯೂ ಪಾವಗಡದ ಕಡೆಗೂ ಆದವು. ಗಳಗನಾಥದ ಸಂಗಮದಿಂದ ಕೆಳಗೆ ತೆಗೆದ ಆ ನೀರಿನಲ್ಲಿ ಬನವಾಸಿಯ ವರದೆಯ ಪಾಲೂ ಇದೆ. ಹಾಗಾದ್ದರಿಂದ ಸೊರಬ, ಸಿರಸಿ, ಹಾನಗಲ್ಲುಗಳ ತೋಟ-ಗದ್ದೆಗಳಿಂದ ಮಳೆಯೊಡನೆ ತೊಳೆದು ಹೋಗುವದೆಲ್ಲ ಮೇಲಿನವರ ಮನೆಯ ಸಂಗತಿಯಾಗಿ ಉಳಿದಿಲ್ಲ.

ನದಿಯ ಕೊಳವೆ ಇನ್ನೂ ಮುಟ್ಟದ ಊರುಗಳಲ್ಲಿ, ಮುಟ್ಟಿಯೂ ವಾರಕ್ಕೊಮ್ಮೆ ಹರಿಯುವ ಊರುಗಳಲ್ಲಿ, ಘಟಕವೇ ಗತಿ. ಅದರ ಮುಂಬದಿಯ ನಲ್ಲಿಯಿಂದ ಶುದ್ಧವಾದ ನೀರು ಕೊಡಕ್ಕೆ ಬೀಳುವಾಗ, ಪೊರೆಯು ತಡೆದು ನಿಲ್ಲಿಸಿದ ಫ್ಲೋರೈಡನ್ನೂ ಲವಣವನ್ನೂ ಹೊತ್ತ ನೀರು ಹಿಂಬದಿಯ ಕೊಳವೆಯಿಂದ ಹೊರಬೀಳುವದು. ಬಾವಿಯಲ್ಲಿದ್ದದ್ದಕ್ಕಿಂತ ಅದು ತೀಕ್ಷ್ಣವಾದ ನೀರು. ಬಹಳ ಕಡೆಗೆ ಅದನ್ನು ಗಟಾರಕ್ಕೆ ಬಿಟ್ಟಿರುವರು; ಗಟಾರವು ಊರ ಹೊರಗಿನ ತಗ್ಗಿನಲ್ಲಿ ನಿಲ್ಲುವದು; ನಿಂತ ನೀರು ಮೆಲ್ಲಮೆಲ್ಲನೆ, ಘಟಕದ ಕೊಳವೆಬಾವಿಯು ಯಾವ ನೆಲದಿಂದ ಸೇದುತ್ತಿರುವದೋ ಅದೇ ನೆಲಕ್ಕೆ ಇಂಗುವದು.